ಅಪರೂಪದ ಕ್ಯಾಮೆರಾ ದಿನಬಳಕೆಗೆ ಬೇಕೆ?

ಜರ್ಮನಿಯ ಲೈಕಾ ಕಂಪನಿ 1954ರಲ್ಲಿ ಎಂ3 ಎಂಬ ಫಿಲ್ಮ್ ಕ್ಯಾಮೆರಾ ಹೊರತಂದಿತು. 1966ರ ತನಕ ಅಂಥವು ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು. ಬಹುಪಾಲು ಬೆಳ್ಳಿಬಣ್ಣದ ಕ್ರೋಮ್ ಲೇಪದವು. ಸಣ್ಣದೊಂದು ಪಾಲಿಗೆ ಮಾತ್ರ ಕಾರ್ಖಾನೆಯಲ್ಲೇ ಕಪ್ಪು ಬಣ್ಣ ಬಳಿದಿದ್ದರು. ಎರಡರ ಒಳಗೂ ಇರುವುದು ಅದೇ ಬಟ್ಟೆಯ ಶಟರ್, ಅದೇ ಹಲ್ಲುಚಕ್ರಗಳು, ಅದೇ ವ್ಯೂಫೈಂಡರ್. ಒಂದೇ ಲೆನ್ಸನ್ನು ಎರಡಕ್ಕೂ ಹಾಕಿ ಚಿತ್ರ ತೆಗೆದರೆ ಯಾವುದು ಕಪ್ಪು ಕ್ಯಾಮೆರಾದ್ದು, ಯಾವುದು ಕ್ರೋಮಿನದ್ದು ಎಂದು ಯಾವ ಪರಿಣತನೂ ಹೇಳಲಾರ. ಆದರೆ ಸಂಗ್ರಾಹಕರ ಪೇಟೆಯಲ್ಲಿ ಅಸಲಿ ಕಪ್ಪು ಎಂ3ಗೆ ಕ್ರೋಮಿನ ಹಲವು ಪಟ್ಟು ಬೆಲೆ. ಆ ಹೆಚ್ಚುವರಿ ಹಣವೆಲ್ಲ ಹೋಗುವುದು ಹಿತ್ತಾಳೆಯ ಮೇಲಿನ ತೆಳ್ಳನೆಯ ಬಣ್ಣಕ್ಕೆ. ದಿನವೂ ಕೈಯಲ್ಲಿ ಹಿಡಿದು, ಚೀಲಕ್ಕೆ ಹಾಕಿ ತೆಗೆದು ಮಾಡಿದರೆ ಮೊದಲು ಸವೆದುಹೋಗುವುದೂ ಆ ಬಣ್ಣವೇ.

ಅಪರೂಪದ ಕ್ಯಾಮೆರಾ ಕೊಂಡು ಅದರಲ್ಲೇ ನಿತ್ಯ ಚಿತ್ರ ತೆಗೆಯಬೇಕೆಂದು ಆಸೆಪಡುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಹಳೆಯ ಕ್ಯಾಮೆರಾಕ್ಕೆ ಎರಡು ಬೆಲೆಗಳಿರುತ್ತವೆ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು, ಎಷ್ಟು ಕಡಿಮೆ ಮುಟ್ಟಿಸಿಕೊಂಡಿದೆ ಎಂಬುದಕ್ಕೆ ಇನ್ನೊಂದು. ಮೊದಲನೆಯದನ್ನು ರಿಪೇರಿ ಮಾಡಿ ಮರಳಿ ಪಡೆಯಬಹುದು. ಎರಡನೆಯದು ಒಮ್ಮೆ ಹೋದರೆ ಹೋಯಿತು, ಎಷ್ಟೋ ಸಲ ರಿಪೇರಿಯೇ ಅದನ್ನು ಕಳೆಯುತ್ತದೆ. ಹೊಸ ಶಟರ್ ಪರದೆ ಹಾಕಿಸಿ, ಉದುರಿದ ಮೇಲ್ಹೊದಿಕೆ ಬದಲಿಸಿ, ಬಣ್ಣ ಬಳಿಸಿದ ಕ್ಯಾಮೆರಾ ಚಿತ್ರ ತೆಗೆಯುವವನಿಗೆ ಮೊದಲಿಗಿಂತ ಒಳ್ಳೆಯದು, ಸಂಗ್ರಾಹಕನಿಗೆ ಮೊದಲಿಗಿಂತ ಕಡಿಮೆಯದು. ಹಾಗಾಗಿ ಅಪರೂಪದ್ದನ್ನು ದಿನಬಳಕೆಗೆ ಕೊಳ್ಳುವವರು ಮುಟ್ಟದಿರುವುದಕ್ಕೆ ದುಬಾರಿ ಬೆಲೆ ಕೊಟ್ಟು, ಮರುದಿನದಿಂದಲೇ ಅದನ್ನು ಮುಟ್ಟಿ ಮುಟ್ಟಿ ಕಳೆಯುತ್ತಾರೆ. ಈ ವ್ಯಾಪಾರ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಫಿಲ್ಮ್ ಕ್ಯಾಮೆರಾವೇ ಬೇಡ ಎಂದು ಹೇಳುತ್ತಿಲ್ಲ. ನಿತ್ಯಕ್ಕೆ ಬೇಕಾದ ಕ್ಯಾಮೆರಾವನ್ನು ಬೇರೆ ಲೆಕ್ಕದಲ್ಲಿ ಆರಿಸಬೇಕು ಎನ್ನುತ್ತಿದ್ದೇನೆ.

ಪುಣೆಯಲ್ಲಿರುವವರಿಗೆ ಹಳೆಯ ಕ್ಯಾಮೆರಾದ ಆಸೆ ಹುಟ್ಟುವುದು ಸಹಜ. ಊರಿನಲ್ಲಿ 1960ರಿಂದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಹಳೆಯ ಪ್ರಭಾತ್ ಸ್ಟುಡಿಯೋದ ಆ ಅಂಗಳದಲ್ಲೇ ಚಿತ್ರನಿರ್ದೇಶಕ ಗಿರೀಶ ಕಾಸರವಳ್ಳಿ ಕಲಿತದ್ದು. ಭಾನುವಾರ, ಬುಧವಾರ ಜೂನಾ ಬಜಾರ್ ನೆರೆಯುತ್ತದೆ. ತುಕ್ಕು ಹಿಡಿದ ಪಾನಾ, ಹಿತ್ತಾಳೆ ಪಾತ್ರೆ, ಗಡಿಯಾರಗಳ ನಡುವೆ ಒಂದೊಂದು ಕ್ಯಾಮೆರಾ ಕಣ್ಣಿಗೆ ಬೀಳುತ್ತದೆ. ಇಂಥ ಸಂತೆಗಳಲ್ಲಿ ಸಿಗುವುದು ಹೆಚ್ಚಾಗಿ ನಮ್ಮ ಹಿಂದಿನ ತಲೆಮಾರಿನ ಮನೆಗಳ ಅಗ್ಫಾ ಕ್ಲಿಕ್ 3. ವಡೋದರಾದಲ್ಲಿ ತಯಾರಾಗುತ್ತಿದ್ದ, 120 ಫಿಲ್ಮಿನಲ್ಲಿ ಹನ್ನೆರಡು ಚೌಕ ಚಿತ್ರ ಕೊಡುವ ಸರಳ ಪೆಟ್ಟಿಗೆ ಅದು. ಅದೃಷ್ಟವಿದ್ದರೆ ಕೋಲ್ಕತ್ತದ ಸರ್ಕಾರಿ ಉದ್ದಿಮೆ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ತಯಾರಿಸಿದ ನ್ಯಾಷನಲ್ 35 ಕೂಡ ಸಿಕ್ಕೀತು. ಜರ್ಮನಿಯ ರೆಗುಲಾ ಕ್ಯಾಮೆರಾದ ಮಾದರಿಯಲ್ಲಿ ಇಲ್ಲೇ ತಯಾರಾದ ಅದು ಭಾರತದ ಕೈಗಾರಿಕಾ ಇತಿಹಾಸದ ಒಂದು ತುಣುಕು, ಸಂಗ್ರಹಕ್ಕೆ ನಿಜಕ್ಕೂ ಯೋಗ್ಯ. ಅದರ ಒಂದು ಸ್ಪ್ರಿಂಗ್ ಮುರಿದರೆ ಇನ್ನೊಂದು ನ್ಯಾಷನಲ್ 35ನ್ನು ಬಿಚ್ಚಿಯೇ ತೆಗೆಯಬೇಕು. ಒಂದನ್ನು ನಡೆಸಲು ಇನ್ನೊಂದನ್ನು ಕೊಲ್ಲಬೇಕಾದ ಯಂತ್ರವನ್ನು ದಿನವೂ ಹೆಗಲಿಗೆ ಹಾಕಿಕೊಂಡು ತಿರುಗುವುದು ಸರಿಯಲ್ಲ.

ಇಂಥ ಸಂತೆಗಳಲ್ಲಿ ಎಚ್ಚರ ಬೇಕಾದ ಇನ್ನೊಂದು ಸಂಗತಿಯಿದೆ. ಹಳೆಯ ಸೋವಿಯತ್ ಒಕ್ಕೂಟದ ಫೆಡ್, ಝೋರ್ಕಿ ಕ್ಯಾಮೆರಾಗಳು ಲೈಕಾ 2ರ ನಕಲುಗಳಾಗಿಯೇ ಹುಟ್ಟಿದವು. ಅವುಗಳ ಮೇಲಿನ ಅಕ್ಷರ ಅಳಿಸಿ, ಲೈಕಾ ಎಂದು ಕೆತ್ತಿ, ಮೇಲೊಂದು ಜರ್ಮನ್ ಸೇನೆಯ ಚಿಹ್ನೆ ಒತ್ತಿ ಮಾರುವ ದಂಧೆ ಜಗತ್ತಿನಾದ್ಯಂತ ಇದೆ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗದಲ್ಲಿ ಫೋಕಸ್ಸಿಗೆ ತಾಗುವ ಪುಟ್ಟ ಕೈಯನ್ನು ನೋಡಿ. ಅದರ ತುದಿಯಲ್ಲಿ ದುಂಡನೆಯ ಉರುಳೆ ಇದ್ದರೆ ಲೈಕಾ ಆಗಿರಬಹುದು, ಬೆಣೆಯಂತೆ ಚಪ್ಪಟೆಯಾಗಿದ್ದರೆ ಸೋವಿಯತ್ ಮಾಲು. ಚಿನ್ನದ ಬಣ್ಣ, ಹಲ್ಲಿಚರ್ಮದ ಹೊದಿಕೆ, ಹದ್ದಿನ ಚಿಹ್ನೆ ಇವೆಲ್ಲ ಒಟ್ಟಿಗೆ ಕಂಡರೆ ಬೆಲೆ ಕೇಳುವ ಗೊಡವೆಗೂ ಹೋಗಬೇಡಿ.

ಅಪರೂಪ ಎಂದು ಮಾರುವವರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ನಿಜವಾಗಿ ಕಡಿಮೆ ತಯಾರಾದವು ಒಂದು ಬಗೆ. 1956–57ರ ಮೂಲ ಲೈಕಾ ಎಂಪಿ ಸುಮಾರು ನಾನೂರರಷ್ಟೇ ತಯಾರಾಯಿತು, ಅದು ಅಪರೂಪವೇ. ಯಾರದೋ ಹೆಸರಿನಿಂದ ಬೆಲೆ ಪಡೆದವು ಇನ್ನೊಂದು ಬಗೆ. ಲೈಕಾ ಕ್ಯಾಮೆರಾದ ಜನಕ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ ಲೈಕಾ 0 ಸರಣಿಯ 105ನೇ ಸಂಖ್ಯೆಯ ಕ್ಯಾಮೆರಾ 2022ರ ಜೂನ್‌ನಲ್ಲಿ ವೆಟ್ಸ್‌ಲಾರ್ ಹರಾಜಿನಲ್ಲಿ 1.44 ಕೋಟಿ ಯೂರೋಗೆ ಹೋಯಿತು. ಅದರಲ್ಲಿ ಚಿತ್ರ ತೆಗೆಯಲೆಂದು ಯಾರೂ ಅಷ್ಟು ಹಣ ಕೊಡುವುದಿಲ್ಲ. ಮೂರನೆಯದು ಅಪರೂಪವೇ ಅಲ್ಲದ, ಬರೀ ಬೇಡಿಕೆಯಿಂದ ಬೆಲೆ ಏರಿಸಿಕೊಂಡ ಬಗೆ. ನಿತ್ಯ ಬಳಕೆಗೆ ಕೊಳ್ಳುವವರು ಹೆಚ್ಚಾಗಿ ಬೀಳುವುದು ಇದರಲ್ಲೇ. 1990ರ ಕಾಂಟಾಕ್ಸ್ ಟಿ2ಯನ್ನೇ ನೋಡಿ. ಟೈಟಾನಿಯಂ ಮೈ, ಅತ್ಯುತ್ತಮ ಝೈಸ್ ಲೆನ್ಸ್, ಜೇಬಿಗೆ ಹಿಡಿಸುವ ಗಾತ್ರ. ಅದನ್ನು ತಯಾರಿಸಿದ ಕ್ಯೋಸೆರಾ 2005ರಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿತು. ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಸತ್ತ ದಿನ ಟೈಟಾನಿಯಂ ಮೈ ಹಾಗೇ ಹೊಳೆಯುತ್ತಿದ್ದರೂ ಚಿತ್ರ ಮೂಡುವುದಿಲ್ಲ. ಹಲ್ಲುಚಕ್ರದ ಕ್ಯಾಮೆರಾವನ್ನು ನುರಿತ ಕೈಯವರು ಎಣ್ಣೆ ಹಾಕಿ, ಸ್ಪ್ರಿಂಗ್ ಬಿಗಿಮಾಡಿ, ಬೇಕಾದರೆ ಒಂದು ಭಾಗವನ್ನೇ ಕಡೆದು ಎಬ್ಬಿಸಬಲ್ಲರು. ಆ ಕಾಲದ ಸರ್ಕ್ಯೂಟನ್ನು ಕಡೆದು ಮಾಡಿಕೊಡುವವರು ಸಿಗುವುದಿಲ್ಲ. ಎಷ್ಟು ಅಪರೂಪ ಎಂದು ಕೇಳುವ ಮೊದಲು, ನಾಳೆ ಕೆಟ್ಟರೆ ಯಾರು ಸರಿಮಾಡುತ್ತಾರೆ, ಕಳೆದರೆ ಇಂಥದೇ ಇನ್ನೊಂದು ಎಲ್ಲಿ ಸಿಗುತ್ತದೆ ಎಂದು ಕೇಳಿಕೊಳ್ಳಿ. ಎರಡಕ್ಕೂ ನೇರ ಉತ್ತರವಿಲ್ಲದ ಕ್ಯಾಮೆರಾ ನಿತ್ಯದ್ದಲ್ಲ.

ಪುಣೆಯ ನಿತ್ಯಜೀವನ ಹಳೆಯ ಯಂತ್ರಕ್ಕೆ ಏನು ಮಾಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿನ ಓಡಾಟ ಬಹುಪಾಲು ದ್ವಿಚಕ್ರ ವಾಹನದಲ್ಲಿ. ಗುಂಡಿ, ಹಂಪುಗಳ ಅದುರಾಟಕ್ಕೆ ಸಣ್ಣ ತಿರುಪುಗಳು ಸಡಿಲವಾಗುತ್ತವೆ, ದೂರ ಅಳೆದು ಫೋಕಸ್ ಮಾಡುವ ರೇಂಜ್‌ಫೈಂಡರಿನ ಹೊಂದಾಣಿಕೆ ತಪ್ಪುತ್ತದೆ. ಹಳೆಯ ಎಂ3ರ ರೇಂಜ್‌ಫೈಂಡರಿನಲ್ಲಿ ಗಾಜಿನ ತುಂಡುಗಳನ್ನು ಅಂಟಿಸಿದ್ದು ಒಂದು ಬಗೆಯ ಮರದ ರಾಳದಿಂದ. ಅದು ಒಣಗಿ ಗಡುಸಾಗಿರುವಾಗ ಜೋರಾಗಿ ತಗುಲಿದ ಒಂದು ಪೆಟ್ಟಿಗೆ ಗಾಜುಗಳು ಬಿಟ್ಟುಕೊಂಡು ನೋಟವೇ ಕಪ್ಪಾಗಿಬಿಡಬಹುದು. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಫಿಲ್ಮೂ ಹಾಳು, ಲೆನ್ಸಿನ ಗ್ರೀಸೂ ಕರಗಿ ಅಪರ್ಚರ್ ಎಲೆಗಳಿಗೆ ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವದಲ್ಲಿ ಫಂಗಸ್ಸಿನ ಕಾಟ. ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಈ ಬೂಷ್ಟು ಬೇಗ ಒರೆಸಿದರೆ ಹೋಗುತ್ತದೆ, ತಡವಾದರೆ ಲೇಪವನ್ನೇ ಕೊರೆದು ಗುರುತು ಬಿಡುತ್ತದೆ. ಇಷ್ಟಾದರೂ ಈ ಊರಿನಲ್ಲಿ ಚಿತ್ರ ತೆಗೆಯಬೇಕಾದ ಹೊತ್ತುಗಳು ಬರುವುದು ಆಗಲೇ. ಆಷಾಢ ಏಕಾದಶಿಗೆಂದು ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಖಿಗಳು ಮಳೆಯಲ್ಲೇ ಊರು ದಾಟಿ ಪಂಢರಪುರಕ್ಕೆ ಸಾಗುತ್ತವೆ. ಗಣಪತಿ ವಿಸರ್ಜನೆಯ ದಿನ ಗುಲಾಲಿನ ನುಣ್ಣನೆಯ ಪುಡಿ ಗಾಳಿಯಲ್ಲಿ ತುಂಬಿರುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದದ್ದನ್ನು ಅಲ್ಲಿಗೆ ಒಯ್ಯಲು ಮನಸ್ಸು ಅಂಜುತ್ತದೆ. ಕೊಂಡ ಕ್ಯಾಮೆರಾ ಮನೆಯಲ್ಲುಳಿದು ಫೋನಿನಲ್ಲೇ ಚಿತ್ರ ತೆಗೆಯುವಂತಾದರೆ ಕೊಂಡದ್ದು ಯಾವುದಕ್ಕೆ?

ಹಣದ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ದೇಶದ್ದೇ ಕಪ್ಪುಬಿಳುಪು ಫಿಲ್ಮ್ ಕೊಡುತ್ತಿದ್ದ ಕಾಲ ಹೋಯಿತು. ಆ ಕಾರ್ಖಾನೆ ಮುಚ್ಚಿದ ಮೇಲೆ ಕೊಡಾಕ್, ಇಲ್‌ಫೋರ್ಡ್‌ನಂಥ ಆಮದು ಫಿಲ್ಮನ್ನೇ ನೆಚ್ಚಿಕೊಳ್ಳಬೇಕು. 36 ಚಿತ್ರಗಳ ಒಂದು ಬಣ್ಣದ ರೀಲಿಗೆ ಸಾವಿರ ರೂಪಾಯಿ, ತೊಳೆಸಿ ಸ್ಕ್ಯಾನ್ ಮಾಡಿಸಲು ಐನೂರು ಎಂದು ಹಿಡಿಯೋಣ. ವಾರಕ್ಕೊಂದು ರೀಲು ಎಂದರೆ ವರ್ಷಕ್ಕೆ 78,000 ರೂಪಾಯಿ. ನಿತ್ಯ ಚಿತ್ರ ತೆಗೆಯುವವರಿಗೆ ದೊಡ್ಡ ಖರ್ಚು ಫಿಲ್ಮಿನದು. ಸಾಮಾನ್ಯ ಕ್ಯಾಮೆರಾಕ್ಕೆ 25,000, ಅಪರೂಪದ್ದಕ್ಕೆ ಮೂರು ಲಕ್ಷ ಎಂದಿಟ್ಟುಕೊಂಡರೆ ನಡುವಿನ ಎರಡು ಮುಕ್ಕಾಲು ಲಕ್ಷಕ್ಕೆ 183 ರೀಲು ತೊಳೆಸುವ ಖರ್ಚಿನ ಸಮೇತ ಬರುತ್ತದೆ. ಅಂದರೆ ಸುಮಾರು 6,600 ಚಿತ್ರಗಳು, ಮೂರೂವರೆ ವರ್ಷದ ಕೆಲಸ. ಕಣ್ಣು ಪಳಗುವುದು ಅಷ್ಟು ಚಿತ್ರ ತೆಗೆದವರಿಗೆ. ವಿದೇಶದಿಂದ ತರಿಸುವುದಾದರೆ ಸುಂಕ, ತೆರಿಗೆ, ಸಾಗಣೆಯ ವೆಚ್ಚವೂ ಮೇಲೆ ಬೀಳುತ್ತವೆ. ಬಂದದ್ದು ಕೆಟ್ಟಿದ್ದರೆ ಹಿಂದಿರುಗಿಸುವ ಪಾಡು ಬೇರೆ.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಬಳಸದ ಕ್ಯಾಮೆರಾ ಸಾಯುತ್ತದೆ ಎಂಬುದು. ಇದು ನಿಜ. ಕೂತಲ್ಲೇ ಕೂತರೆ ಎಣ್ಣೆ ಅಂಟಾಗುತ್ತದೆ, ನಿಧಾನದ ಶಟರ್ ವೇಗಗಳು ತಡವರಿಸುತ್ತವೆ, ಕತ್ತಲ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತದೆ. ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ಅಜ್ಜಿಯ ರೇಷ್ಮೆ ಸೀರೆಯೂ ಮಡಿಕೆಯಲ್ಲೇ ಸೀಳುತ್ತದೆ. ಆಗಾಗ ಹೊರತೆಗೆದು, ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡಬೇಕು, ಮದುವೆಯಲ್ಲೊಮ್ಮೆ ಉಡಲೂಬೇಕು. ಅಷ್ಟಕ್ಕೇ ಅದನ್ನುಟ್ಟು ಅಡಿಗೆಮನೆಗೆ ಹೋಗುವುದಿಲ್ಲ. ಕ್ಯಾಮೆರಾವನ್ನು ಜೀವಂತ ಇಡಲು ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಶಟರ್ ಹಾರಿಸಿ, ವರ್ಷಕ್ಕೆ ಎರಡು ಮೂರು ರೀಲು ತೆಗೆದರೆ ಸಾಕು. ಈ ವಾದ ಆಗಾಗಿನ ಬಳಕೆಯನ್ನು ಸಮರ್ಥಿಸುತ್ತದೆಯೇ ಹೊರತು ಬೆಳಗ್ಗೆ ಸಂಜೆಯ ಬಳಕೆಯನ್ನಲ್ಲ.

ದೊಡ್ಡ ಛಾಯಾಗ್ರಾಹಕರೆಲ್ಲ ಇಂಥ ಕ್ಯಾಮೆರಾಗಳನ್ನೇ ದಿನವೂ ಹೊತ್ತು ತಿರುಗಲಿಲ್ಲವೇ ಎಂದೂ ಕೇಳುತ್ತಾರೆ. ತಿರುಗಿದರು. ಹೋಮಾಯ್ ವ್ಯಾರಾವಾಲಾ ಸ್ಪೀಡ್ ಗ್ರಾಫಿಕ್, ರೋಲೈಫ್ಲೆಕ್ಸ್ ಹಿಡಿದು ಸ್ವಾತಂತ್ರ್ಯದ ಕಾಲದ ದೆಹಲಿಯನ್ನು ದಾಖಲಿಸಿದರು. ಮೈಸೂರಿನ ಟಿ.ಎಸ್. ಸತ್ಯನ್ ದಶಕಗಳ ಕಾಲ ದೇಶವನ್ನು ಸುತ್ತಿ ಸಾಮಾನ್ಯರ ಬದುಕನ್ನು ಸೆರೆಹಿಡಿದರು. ಆದರೆ ಅವರ ಕೈಯಲ್ಲಿದ್ದಾಗ ಆ ಕ್ಯಾಮೆರಾಗಳು ಅಂದಿನ ಕಸುಬಿನ ಉಪಕರಣಗಳು. ತಯಾರಿಸುವ ಕಾರ್ಖಾನೆ ನಡೆಯುತ್ತಿತ್ತು, ಬಿಡಿಭಾಗ ಬರುತ್ತಿತ್ತು, ಕೆಟ್ಟರೆ ಹೊಸದು ಸಿಗುತ್ತಿತ್ತು. ಅವರ ಮಾದರಿ ಅನುಸರಿಸುವುದೆಂದರೆ ನಮ್ಮ ಕಾಲದಲ್ಲಿ ಸುಲಭವಾಗಿ ರಿಪೇರಿಯಾಗುವ, ಕಳೆದರೆ ಮತ್ತೆ ಕೊಳ್ಳಬಹುದಾದ ಕ್ಯಾಮೆರಾ ಹಿಡಿಯುವುದು.

ಬೆಲೆ ಏರುತ್ತಲೇ ಇರುತ್ತದೆ, ಇದೊಂದು ಹೂಡಿಕೆ ಎನ್ನುವವರಿಗೆ ಹೇಳಬೇಕಾದದ್ದು ಕಡಿಮೆ. ಹೂಡಿಕೆಯಾದರೆ ಪೆಟ್ಟಿಗೆ, ಬಿಲ್ಲು, ಕೈಪಿಡಿ ಸಮೇತ ಮುಟ್ಟದೆ ಇಡಿ. ಸವೆದ ಕಪ್ಪು ಬಣ್ಣದಡಿ ಇಣುಕುವ ಹಿತ್ತಾಳೆಯನ್ನು ಮೆಚ್ಚುವ ಸಂಗ್ರಾಹಕರಿದ್ದಾರೆ, ನಿಜ. ಆದರೆ ಅವರೂ ಬಿದ್ದು ನೆಗ್ಗಿದ ಮೂಲೆಗೆ, ಬದಲಾದ ಮೇಲ್ಮುಚ್ಚಳಕ್ಕೆ ಹೆಚ್ಚು ಕೊಡುವುದಿಲ್ಲ. ಸಂತೋಷದ ಮಾತು ಬೇರೆ. ಚೆಂದದ ಯಂತ್ರ ಕೈಯಲ್ಲಿದ್ದರೆ ಹೊರಗೆ ಹೋಗಿ ಚಿತ್ರ ತೆಗೆಯಲು ಹುರುಪು ಬರುತ್ತದೆ ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹುರುಪು ಹುಟ್ಟುವುದು ಲಿವರ್ ಎಳೆದಾಗಿನ ನಯದಿಂದ, ಶಟರಿನ ಸದ್ದಿನಿಂದ, ವ್ಯೂಫೈಂಡರಿನ ಬೆಳಕಿನಿಂದ. ಇವಾವುವೂ ಸಂಖ್ಯೆ ಕಡಿಮೆ ಇರುವುದರಿಂದ ಬಂದ ಗುಣಗಳಲ್ಲ. ಸಾಮಾನ್ಯ ಕ್ರೋಮ್ ಎಂ3ರಲ್ಲೂ ಅವಿವೆ, ಚೆನ್ನಾಗಿ ಸರ್ವಿಸ್ ಆದ ನಿಕಾನ್ ಎಫ್‌ಎಂ2ರಲ್ಲೂ ಇವೆ.

ಹಳೆಯದನ್ನು ಉಳಿಸಿಕೊಂಡೇ ಬಳಸುವ ಬಗೆಯನ್ನು ಈ ಊರಿನ ಸಂಸ್ಥೆಗಳೇ ತೋರಿಸುತ್ತವೆ. 1964ರಲ್ಲಿ ಇಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಪಿ.ಕೆ. ನಾಯರ್ ಕಟ್ಟಿ ಬೆಳೆಸಿದರು. ಯಾವುದೇ ಚಿತ್ರಸಂಗ್ರಹಾಲಯದ ಮೂಲ ನಿಯಮ ಒಂದೇ: ಮೂಲ ನೆಗೆಟಿವ್ ತಣ್ಣನೆಯ, ಒಣ ಜಾಗದಲ್ಲಿರುತ್ತದೆ, ಜನರಿಗೆ ತೋರಿಸುವುದು ಅದರಿಂದ ತೆಗೆದ ಪ್ರತಿಯನ್ನು. ಪ್ರತಿ ಸವೆದರೆ ಇನ್ನೊಂದು ತೆಗೆಯಬಹುದು. ದಿನಕರ ಕೇಳ್ಕರ್ ಜೀವಮಾನವಿಡೀ ಕೂಡಿಹಾಕಿ 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಅಡಕತ್ತರಿ, ದೀಪ, ಪಾತ್ರೆಗಳಿವೆ, ಎಲ್ಲ ಮನೆಬಳಕೆಯವೇ. ಅವು ನಮ್ಮ ತನಕ ಬಂದದ್ದು ಒಬ್ಬರು ಅವನ್ನು ಬಳಕೆಯಿಂದ ಹೊರತೆಗೆದು ಕಾಪಾಡಿದ್ದರಿಂದ. ನ್ಯಾಷನಲ್ 35ರಂಥ ಕ್ಯಾಮೆರಾಕ್ಕೂ ಈಗ ಬೇಕಾದದ್ದು ಇಂಥ ಒಬ್ಬರು.

ಹಾಗಾದರೆ ನಿತ್ಯಕ್ಕೆ ಯಾವುದು? ಲಕ್ಷಗಟ್ಟಲೆ ತಯಾರಾದದ್ದು, ಬ್ಯಾಟರಿಯಿಲ್ಲದೆಯೂ ಶಟರ್ ಹಾರುವುದು. 1976ರಿಂದ 1997ರ ತನಕ ಮೂವತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಪೆಂಟಾಕ್ಸ್ ಕೆ1000 ಇದೆ. 1982ರಲ್ಲಿ ಬಂದ ನಿಕಾನ್ ಎಫ್‌ಎಂ2ರ ಶಟರ್ ಪೂರ್ತಿ ಯಾಂತ್ರಿಕವಾಗಿದ್ದೂ ಸೆಕೆಂಡಿನ 4000ದಲ್ಲೊಂದು ಭಾಗದ ವೇಗ ಮುಟ್ಟುತ್ತದೆ. ಒಲಿಂಪಸ್ ಓಎಂ1 ಕೂಡ ಒಳ್ಳೆಯದೇ. ಅದರ ಬೆಳಕಿನ ಮೀಟರಿಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ಬರುವುದಿಲ್ಲ, ಶ್ರವಣಸಾಧನಕ್ಕೆ ಹಾಕುವ ಜಿಂಕ್ ಏರ್ ಸೆಲ್ಲಿನಿಂದ ಕೆಲಸ ಸಾಗಿಸಬಹುದು. ಲೈಕಾವೇ ಬೇಕೆಂಬ ಹಟವಿದ್ದರೆ ಸಂಗ್ರಾಹಕರು ಬೇಡವೆಂದು ತಳ್ಳಿದ್ದನ್ನು ಹುಡುಕಿ. ಯಾರದೋ ಹೆಸರು ಕೆತ್ತಿರುವ, ಮೇಲ್ಹೊದಿಕೆ ಬದಲಾಗಿರುವ, ಸಣ್ಣ ನೆಗ್ಗು ಬಿದ್ದಿರುವ, ಆದರೆ ಶಟರ್ ಸರ್ವಿಸ್ ಆಗಿರುವ ಎಂ3 ಅಥವಾ ಎಂ2. ಸಂಗ್ರಾಹಕನ ಕಣ್ಣಿಗೆ ದೋಷವಾದದ್ದು ನಿಮಗೆ ರಿಯಾಯಿತಿ, ಈ ಇಡೀ ಪೇಟೆಯಲ್ಲಿ ಬಳಸುವವರಿಗೆ ಇರುವ ದೊಡ್ಡ ಅನುಕೂಲವೇ ಇದು. ಹೊಸದೇ ಬೇಕೆಂದರೆ ಲೈಕಾ 2022ರಲ್ಲಿ ಎಂ6ನ್ನು ಮತ್ತೆ ತಯಾರಿಸತೊಡಗಿತು, ಪೆಂಟಾಕ್ಸ್ 2024ರಲ್ಲಿ 17 ಎಂಬ ಹೊಸ ಫಿಲ್ಮ್ ಕ್ಯಾಮೆರಾ ತಂದಿತು. ಮೊದಲನೆಯದು ತೀರಾ ದುಬಾರಿ, ಎರಡನೆಯದು ಕೈಗೆಟುಕುವಂಥದ್ದು. ಅದು ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿತ್ರ ಕೊಡುವುದರಿಂದ ಫಿಲ್ಮಿನ ಖರ್ಚೂ ಅರ್ಧವಾಗುತ್ತದೆ.

ಕೊಳ್ಳುವ ಹೊತ್ತಿಗೆ ಕೈಯಲ್ಲೊಂದು ಸಣ್ಣ ಟಾರ್ಚ್ ಇರಲಿ. ಲೆನ್ಸಿನ ಹಿಂದಿನಿಂದ ಬೆಳಕು ಹಾಯಿಸಿ ಓರೆಯಾಗಿ ನೋಡಿದರೆ ಬೂಷ್ಟು, ಮಂಜು, ಗೀರು ಎಲ್ಲ ಕಾಣುತ್ತದೆ. ಮುಂದಿನ ಗಾಜಿನ ಒಂದೆರಡು ಗೀರು ಚಿತ್ರಕ್ಕೆ ತೊಂದರೆ ಮಾಡುವುದಿಲ್ಲ, ಮಂಜು ಮಾಡುತ್ತದೆ. ಒಂದು ಸೆಕೆಂಡಿಗೆ ಶಟರ್ ಇಟ್ಟು ಒತ್ತಿ, ಸದ್ದು ನಡುವೆ ತಡೆಯದೆ ಒಂದೇ ಸಮ ಬರಬೇಕು. ಬಟ್ಟೆಯ ಶಟರ್ ಇದ್ದರೆ ಲೆನ್ಸ್ ಬಿಚ್ಚಿ, ಕತ್ತಲಲ್ಲಿ ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿದರೆ ಸೂಜಿಮೊನೆಯಷ್ಟು ತೂತೂ ಹೊಳೆಯುತ್ತದೆ. ಹಿಂಬಾಗಿಲಿನ ಅಂಚಿನ ಸ್ಪಂಜು ಅಂಟಂಟಾಗಿ ಉದುರುತ್ತಿದ್ದರೆ ಬೆಳಕು ಸೋರುತ್ತದೆ. ಅದನ್ನು ಬದಲಿಸುವುದು ಸುಲಭ, ಚೌಕಾಸಿಗೂ ಒದಗುತ್ತದೆ. ಸಾಧ್ಯವಾದರೆ ಹಣ ಪೂರ್ತಿ ಕೊಡುವ ಮೊದಲು ಒಂದು ರೀಲು ಹಾಕಿ ತೊಳೆಸಿ ನೋಡಲು ಒಪ್ಪಂದ ಮಾಡಿಕೊಳ್ಳಿ. ಅದಕ್ಕೂ ಮುಂಚೆ ಪುಣೆಯಲ್ಲೋ ಮುಂಬೈನಲ್ಲೋ ಹಳೆಯ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರ ಬಳಿ ಹೋಗಿ ಆ ಮಾದರಿಯ ಹೆಸರು ಹೇಳಿ. ಅವರು ಒಪ್ಪಿಕೊಂಡರೆ ಮುಂದುವರಿಯಿರಿ, ಆಗುವುದಿಲ್ಲ ಎಂದರೆ ಅಲ್ಲಿಗೇ ಬಿಡಿ.

ಅಪರೂಪದ್ದೊಂದು ಈಗಾಗಲೇ ಮನೆಯಲ್ಲಿದ್ದರೆ ಮಾರಬೇಕಾಗಿಲ್ಲ. ಅದರ ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ತೇವ ಹೀರಿ ಬೂಷ್ಟು ಹುಟ್ಟಿಸುವುದು ಆ ಚರ್ಮವೇ. ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅಷ್ಟು ಖರ್ಚು ಬೇಡವೆಂದರೆ ಬಿಗಿ ಮುಚ್ಚಳದ ಡಬ್ಬಿ, ಆಗಾಗ ಒಣಗಿಸಿ ಹಾಕುವ ಸಿಲಿಕಾ ಜೆಲ್ ಸಾಕು. ಬ್ಯಾಟರಿ ತೆಗೆದು, ಶಟರಿನ ಸ್ಪ್ರಿಂಗ್ ಬಿಗಿಯದೆ ಸಡಿಲವಾಗಿರುವಂತೆ ಇಡಿ. ಸಂಖ್ಯೆ ಕಾಣುವಂತೆ ಫೋಟೋ ತೆಗೆದು ಬಿಲ್ಲಿನ ಜತೆ ಇಟ್ಟುಕೊಳ್ಳಿ, ಮನೆಯ ವಿಮೆ ಮಾಡಿಸಿದ್ದರೆ ಆ ಕ್ಯಾಮೆರಾದ ಹೆಸರು ಬೇರೆಯಾಗಿ ಸೇರಿದೆಯೇ ವಿಚಾರಿಸಿ. ಒಂದು ರೀಲು ಮಳೆಗಾಲಕ್ಕೆ ಮುಂಚೆ, ಇನ್ನೊಂದು ದೀಪಾವಳಿಯ ಹೊತ್ತಿಗೆ ತೆಗೆಯಿರಿ. ಎರಡನ್ನೂ ತಡಮಾಡದೆ ತೊಳೆಸಿ ನೆಗೆಟಿವ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಳೆಗಾಲದಲ್ಲಿ ಶಟರಿಗಾಗಲಿ ಲೆನ್ಸಿಗಾಗಲಿ ಏನಾದರೂ ಆಗಿದೆಯೇ ಎಂಬುದು ತಿಳಿಯುತ್ತದೆ.